ಸುಣ್ಣದ ಹಳ್ಳು

ಮೊದಲ ಸಲ ಕೇಳಿಸಿದ್ದು ಮಿರಗಾ ಮಳಿ ಆದ ರಾತ್ರಿ.
ಟಪ್.
ಹಲ್ಲಿ ಬಿತ್ತೇನೋ ಅಂದ್ಕೊಂಡು ಮಗ್ಗಲ ಬದಲಿಸಿದೆ.
ಮುಂಜಾನಿ ಕಸಾ ಹೊಡಿಬೇಕಾದ್ರ
ಫರ್ಸಿ ಮ್ಯಾಲ ರೊಟ್ಟಿಚೂರಿನಂಥ ಗಿಲಾವು,
ಗ್ವಾಡಿಯೊಳಗ ರೂಪಾಯಿ ನಾಣ್ಯದಷ್ಟು ತೆಗ್ಗು,
ತೆಗ್ಗಿನ ತಳದಾಗ ಬೆಳ್ಳಗ ಒಂದು ಕಣ್ಣು.

ಸಾಲ ಇಪ್ಪತ್ತು ವರ್ಷದ್ದು. ಮನಿಗಿ ಹದಿನಾಲ್ಕು ತಿಂಗಳು.
ಕಲಬುರಗಿ ದಾಟಿ, ಆಳಂದ ರೋಡಿನ ಆಚಿ,
ಇನ್ನೂ ಹೆಸರಿಲ್ಲದ ಲೇಔಟು;
ಒಂದೇ ಭಟ್ಟಿಯ ಇಟಂಗಿ, ಆರು ಮನಿ.
ಅಗ್ಗ ಸಿಗತದ ಅಂತ ನಾವೇ ಒಬ್ಬರಿಗೊಬ್ಬರು ಹೇಳಿ ತರಿಸಿದ್ವಿ,
ಬಯ್ಯಾಕ ಹೊರಗಿನವರು ಯಾರೂ ಇಲ್ಲ.

ಲಾಡ್ಲೇಸಾಬನ ಮಗಳು ಡಿಪ್ಲೊಮಾ ಓದತಾಳ.
ಉಳಿದ ಇಟಂಗಿ ಒಂದು ಒಡದು ತೋರಿಸಿದಳು:
ಎರಿ ಮಣ್ಣಿನ್ಯಾಗ ಸುಣ್ಣದ ಹಳ್ಳು ಇರ್ತಾವ ಕಾಕಿ,
ಸೋಸಬೇಕಿತ್ತು, ಸೋಸಿಲ್ಲ.
ಭಟ್ಟ್ಯಾಗ ಸುಟ್ಟ ಮ್ಯಾಲ ಅವಕ್ಕ ನೀರಡಿಕಿ,
ಹಸಿ ಹತ್ತಿದ ಕೂಡ್ಲೆ ಉಬ್ಬತಾವ, ಒಡಿತಾವ.
ಎಷ್ಟ ದಿನಾ? ಅಂದೆ.
ಒಳಗ ಎಷ್ಟ ಅವ, ಅಷ್ಟ ದಿನಾ, ಅಂದಳು.

ಭಟ್ಟಿಗಿ ಹೋದ್ವಿ. ಅಲ್ಲಿ ಭಟ್ಟಿನೇ ಇಲ್ಲ.
ಬೂದಿ, ಮುರುಕು ಇಟಂಗಿ, ಒಂದು ನಾಯಿ,
ಮತ್ತ ಹೊಲದ ಮಾಲೀಕ:
ಅವರು ಜಹೀರಾಬಾದ ಕಡಿ ಹೋದ್ರು,
ನಂದೂ ಆರು ತಿಂಗಳ ಬಾಡಗಿ ಬಾಕಿ ಅದ ನೋಡ್ರಿ.
ಅವನೂ ನಮ್ಮ ಜೋಡಿ ಕುಂತು ಭಟ್ಟಿಯವನ್ನ ಬೈದ.

ಈಗ ನಾನು ಹಾರ್ಲಿಕ್ಸ್ ಬಾಟಲಿಯೊಳಗ ಹಳ್ಳು ತುಂಬತೀನಿ.
ಪುಸ್ತಕದಾಗ ಬರದಿಡತೀನಿ, ಯಾವ ತಾರೀಖು, ಯಾವ ಗ್ವಾಡಿ.
ಗ್ರಾಹಕರ ಕೋರ್ಟಿನ ವಕೀಲ ಸಾಕ್ಷಿ ಕೇಳ್ಯಾನ.
ನಮ್ಮವರು ತಂಬಾಕ ತಿಕ್ಕಿಕೊಂತ ನಗತಾರ:
ಮನಿತುಂಬ ಸುಣ್ಣ ಅದ, ಖರ್ಚು ತಂಬಾಕದ್ದಷ್ಟ.
ನಕ್ಕು, ಛತ್ತಿನ ಕಡಿ ನೋಡತಾರ.
ಕೂಸಿನ ತೊಟ್ಟಿಲ ಗ್ವಾಡಿಯಿಂದ ಎರಡು ಮೊಳ ಸರಿಸೇವಿ,
ಆಮ್ಯಾಲ ಮೂರು ಮೊಳ.
ಈಗ ಅದು ಪಡಸಾಲಿಯ ನಟ್ಟನಡುವ ಮಲಗತದ,
ದೇವರಂಗ.

ನಾಲ್ಕನೇ ಮನಿ ಅಂಬಾರಾಯ ಕೇಸಿಗಿ ಸಹಿ ಹಾಕಲಿಲ್ಲ.
ಪುಟ್ಟಿ ಹಚ್ಚಿಸಿದ, ಎರಡು ಕೈ ಬಣ್ಣ, ಗಿಳಿಹಸರು.
ಐತವಾರ ಗಿರಾಕಿ ಬಂದ್ರು, ಸೇಡಂ ಕಡಿಯವರು,
ಗಂಡ, ಹೆಂಡತಿ, ಎರಡು ವರ್ಷದ ಹುಡುಗ.
ಪುತಳಾಬಾಯಿ ನನ್ನೂ ಕರದಳು,
ಓಣಿ ಛಲೋ ಅದ ಅಂತ ಎರಡು ಮಾತು ಹೇಳ ಬಾ ವೈನಿ.

ಹೋದೆ. ಚಹಾ ಆತು, ಚುಡವಾ ಆತು.
ನೀರು ಹ್ಯಾಂಗ, ಕರೆಂಟ ಹ್ಯಾಂಗ, ಬಸ್ಸು ಎಲ್ಲಿತನಕ,
ಕೇಳಿದ್ದಕ್ಕೆಲ್ಲಾ ಖರೇನೇ ಹೇಳಿದೆ.
ಪುತಳಾಬಾಯಿ ಕೈ ನನ್ನ ಮೊಣಕಾಲ ಮ್ಯಾಲಿತ್ತು.
ಮುಂದಿನ ತಿಂಗಳು ಆಕಿ ಮಗಳ ಲಗ್ನ.
ಪತ್ರಿಕಿ ಮೊದಲ ನಮ್ಮ ಮನಿಗೇ ಕೊಟ್ಟಾಳ.

ಹುಡುಗ ಗ್ವಾಡಿ ಬುಡಕ ಕುಂತಿದ್ದ.
ಏನೋ ಆರಿಸಿದ. ಬೆಳ್ಳಗಿತ್ತು. ಬಾಯಿಕಡಿ ಒಯ್ದ.

ನನ್ನ ಕೈ ನನ್ನ ಕೇಳಲಿಲ್ಲ.

ಸುಣ್ಣ, ಅಂದೆ, ಕಸಗೊಂಡ ಹಳ್ಳು ಅಂಗೈಯಾಗ ಹಿಡದು.
ನಾಲಿಗಿ ಸುಡತದ.
ಆ ಹೆಣ್ಣುಮಗಳು ಹಳ್ಳು ನೋಡಿದಳು, ಗ್ವಾಡಿ ನೋಡಿದಳು,
ಹೊಸ ಬಣ್ಣದ ಮ್ಯಾಲ ಸಾವಕಾಶ ಕೈ ಆಡಿಸಿ
ಒಂದು ಕಡಿ ನಿಲ್ಲಿಸಿದಳು.
ಅಲ್ಲಿ ತುಸು ಉಬ್ಬಿತ್ತು.
ಫರ್ಸಿ ಮ್ಯಾಲ ಯಾರೋ ಕಪ್ಪು ಇಟ್ಟ ಸಪ್ಪಳ, ಅಷ್ಟ.

ಅವತ್ತಿಂದ ಪುತಳಾಬಾಯಿ ನನ್ನ ಕಂಡ್ರ ಮಾರಿ ತಿರುವತಾಳ.
ಮೊನ್ನೆ ರಾತ್ರಿ ಅಂಬಾರಾಯ ಗೇಟಿನ ಹಂತೇಕ ನಿಂತಿದ್ದ.
ಬರ್ರಿ ಅಂದ್ರೂ ಒಳಗ ಬರಲಿಲ್ಲ,
ಪ್ಲಾಸ್ಟಿಕ ಚೀಲ ಒಂದು ಕಟ್ಟಿಮ್ಯಾಲ ಇಟ್ಟು ಹೋದ.
ಬಿಚ್ಚಿದ್ರ ಒಂದು ಬೊಗಸಿ ಹಳ್ಳು.
ತಾರೀಖು ಬರದಿರಲಿಲ್ಲ.

ಬಾಟಲಿ ತುಂಬ್ಯಾದ. ಇನ್ನೊಂದು ತೊಳದು
ಬಿಸಲಿಗಿ ಬೋರಲು ಇಟ್ಟೀನಿ.
ಪೂರಾ ಒಣಗಲಿ,
ಒಂದು ಹನಿ ನೀರೂ ಇರಬಾರದು.